ಉಸಿರು ಎಣಿಸಿ, ಆಮೇಲೆ ತಟ್ಟೆ ಇಡಿ

ಬೆಕ್ಕು ಊಟ ಬಿಟ್ಟಿತೆಂದರೆ ಮನೆಯವರೆಲ್ಲ ಅಡುಗೆಮನೆಗೆ ಓಡುತ್ತಾರೆ. ಒಬ್ಬರು ಮೀನು ಬೇಯಿಸುತ್ತಾರೆ, ಇನ್ನೊಬ್ಬರು ಹಾಲು ಕಾಯಿಸುತ್ತಾರೆ, ಮತ್ತೊಬ್ಬರು ಬೆರಳಿನಿಂದ ಅದರ ಬಾಯಿಗೆ ಏನಾದರೂ ಸವರಲು ನೋಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೇನೆ. ನಮ್ಮ ಬೂದು ಬೆಕ್ಕು ಎರಡು ಹೊತ್ತು ತಟ್ಟೆಯ ಬಳಿ ಬಂದು, ಮೂತಿ ಇಟ್ಟು, ಸುಮ್ಮನೆ ಹಿಂದಿರುಗಿತು. ರುಚಿ ಹಿಡಿಸಲಿಲ್ಲವೇನೋ ಎಂದುಕೊಂಡು ಮೂರು ಬಗೆಯ ಆಹಾರ ಬದಲಿಸಿದೆ. ಅದರ ಮೂಗು ಕಟ್ಟಿದೆ ಎಂಬುದು ಕಣ್ಣಿಗೆ ಬಿದ್ದದ್ದು ಮರುದಿನ ಬೆಳಿಗ್ಗೆ.

ಬೆಕ್ಕು ಊಟವನ್ನು ಮೊದಲು ಮೂಗಿನಿಂದ ಸವಿಯುತ್ತದೆ. ವಾಸನೆ ಬಾರದಿದ್ದರೆ ಎದುರಿಗಿರುವುದು ಆಹಾರವೆಂದೇ ಅದಕ್ಕೆ ಅನ್ನಿಸುವುದಿಲ್ಲ. ಜೊತೆಗೆ, ನುಂಗುವಾಗ ಕ್ಷಣ ಹೊತ್ತು ಉಸಿರು ತಡೆಯಬೇಕು; ಉಸಿರಿಗೇ ಕಷ್ಟಪಡುತ್ತಿರುವ ಜೀವಕ್ಕೆ ಅಷ್ಟೂ ದುಬಾರಿ. ಆದ್ದರಿಂದ ಆರೈಕೆ ಮಾಡುವವರು ಮೊದಲು ಉಸಿರು, ನಂತರ ಮೂಗು, ಕೊನೆಗೆ ಊಟ ಎಂಬ ಕ್ರಮವನ್ನು ತಪ್ಪಿಸಬಾರದು.

ಮೊದಲು ಉಸಿರು ಎಣಿಸಿ

ಬೆಕ್ಕು ನಿದ್ದೆ ಹೋಗುವವರೆಗೆ ಕಾಯಿರಿ. ಗುರುಗುಟ್ಟುತ್ತಿರುವಾಗ ಎಣಿಸಬೇಡಿ, ಲೆಕ್ಕ ತಪ್ಪುತ್ತದೆ. ಎರಡಡಿ ದೂರದಲ್ಲಿ ಕುಳಿತು ಪಕ್ಕೆಯನ್ನೇ ನೋಡಿ. ಪಕ್ಕೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಮೊಬೈಲಿನ ಗಡಿಯಾರ ಇಟ್ಟುಕೊಂಡು 30 ಸೆಕೆಂಡು ಎಣಿಸಿ, ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ. ಆರೋಗ್ಯವಂತ ಬೆಕ್ಕು ನಿದ್ದೆಯಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ 15ರಿಂದ 30 ಸಲ ಉಸಿರಾಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿದಾಗಲೂ 30 ದಾಟಿದ್ದರೆ ಅದೇ ದಿನ ಪಶುವೈದ್ಯರಿಗೆ ಫೋನ್ ಮಾಡಿ. 40 ದಾಟಿದ್ದರೆ ಫೋನ್ ಮಾಡುತ್ತಲೇ ಹೊರಡಿ.

ಸಂಖ್ಯೆಯಷ್ಟೇ ಮುಖ್ಯವಾದದ್ದು ಉಸಿರಾಡುವ ರೀತಿ. ಓಡಿದ ನಾಯಿ ಬಾಯಿ ತೆರೆದು ತೇಕುವುದು ಸಹಜ. ಸುಮ್ಮನೆ ಕುಳಿತ ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಅದು ತುರ್ತು ಸ್ಥಿತಿ. ಬೆಳಗಾಗಲಿ ನೋಡೋಣ ಎನ್ನುವ ಮಾತೇ ಬೇಡ. ಮೊಣಕೈಗಳನ್ನು ಎದೆಯಿಂದ ಅಗಲಿಸಿ, ಕುತ್ತಿಗೆ ಮುಂದೆ ಚಾಚಿ, ಮಲಗಲಾರದೆ ಕೂರುವುದು, ಪ್ರತಿ ಉಸಿರಿಗೂ ಹೊಟ್ಟೆ ಒಳಕ್ಕೆ ಸೆಳೆಯುವುದು, ಗುಲಾಬಿ ಬಣ್ಣದ ವಸಡು ನೀಲಿಗೋ ಬೂದಿಗೋ ಬಿಳಿಚಿಗೋ ತಿರುಗುವುದು ಇವೂ ಅಷ್ಟೇ ಗಂಭೀರ. ಇಂಥ ಬೆಕ್ಕಿನ ಎದೆಯಲ್ಲಿ ನೀರು ತುಂಬಿರಬಹುದು, ಹೃದಯ ಸೋತಿರಬಹುದು. ಅವು ಮನೆಯಲ್ಲಿ ವಾಸಿಯಾಗುವ ಕಾಯಿಲೆಗಳಲ್ಲ.

ಕರೆದೊಯ್ಯುವಾಗ ಎದೆಗೆ ಅವಚಿಕೊಳ್ಳಬೇಡಿ, ಕಂಬಳಿಯಲ್ಲಿ ಬಿಗಿಯಾಗಿ ಸುತ್ತಬೇಡಿ. ಗಾಳಿಯಾಡುವ ಪೆಟ್ಟಿಗೆಯಲ್ಲಿ ಅದಕ್ಕೆ ಬೇಕಾದ ಭಂಗಿಯಲ್ಲಿ ಕೂರಲು ಬಿಡಿ. ದಾರಿಯಲ್ಲಿ ನೀರು ಕುಡಿಸಲು ಹೋಗಬೇಡಿ. ಹೆದರಿಕೆಯಿಂದ ಕೊಸರಾಡಿದಷ್ಟೂ ಅದಕ್ಕೆ ಗಾಳಿ ಹೆಚ್ಚು ಬೇಕಾಗುತ್ತದೆ.

ಇನ್ನೊಂದು ಲಕ್ಷಣ ಅನೇಕರನ್ನು ಮೋಸಗೊಳಿಸುತ್ತದೆ. ಬೆಕ್ಕು ನೆಲಕ್ಕೆ ತಗ್ಗಿ, ಕುತ್ತಿಗೆ ಚಾಚಿ, ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತದೆ. ಕೂದಲಿನ ಉಂಡೆ ಹೊರಹಾಕಲು ಒದ್ದಾಡುತ್ತಿದೆ ಎಂದು ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಉಂಡೆಯೇನೂ ಹೊರಬರದೆ ಇದು ಮತ್ತೆ ಮತ್ತೆ ಆಗುತ್ತಿದ್ದರೆ ಅದು ಅಸ್ತಮಾ ಇರಬಹುದು. ಮೊಬೈಲಿನಲ್ಲಿ ವಿಡಿಯೊ ಮಾಡಿ ವೈದ್ಯರಿಗೆ ತೋರಿಸಿ. ಪರೀಕ್ಷೆಯ ಮೇಜಿನ ಮೇಲೆ ಬೆಕ್ಕು ಕೆಮ್ಮುವುದು ಅಪರೂಪ.

ಮೂಗು ಬಿಡಿಸುವುದು

ಸೀನು, ಗೊಣ್ಣೆ, ಕಣ್ಣಲ್ಲಿ ಗೀಜು, ಮಂಕು ಇಷ್ಟೇ ಇದ್ದು ಉಸಿರಿನ ಲೆಕ್ಕ ಸರಿಯಿದ್ದರೆ ಅದು ಬಹುಪಾಲು ಸಲ ಬೆಕ್ಕುಗಳ ನೆಗಡಿ. ಹರ್ಪಿಸ್ ವೈರಸ್ ಮತ್ತು ಕ್ಯಾಲಿಸಿ ವೈರಸ್ ಇದರ ಮುಖ್ಯ ಕಾರಣಗಳು. ವೈದ್ಯರು ಒಮ್ಮೆ ನೋಡಿ ಔಷಧ ಹೇಳಿದ ಮೇಲೆ ಉಳಿದ ಶುಶ್ರೂಷೆಯೆಲ್ಲ ಮನೆಯವರ ಕೈಯಲ್ಲಿದೆ.

ಒಣಗಿದ ಗೊಣ್ಣೆಯನ್ನು ಉಗುರಿನಿಂದ ಕೀಳಬೇಡಿ, ಅಡಿಯ ಚರ್ಮ ಕಿತ್ತು ರಕ್ತ ಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಹಿಂಡಿ, ಮೂಗಿನ ಮೇಲೆ ಹಾಗೆಯೇ ಅರ್ಧ ನಿಮಿಷ ಇಡಿ. ಬೆಕ್ಕು ತಲೆ ಕೊಡವಿದರೆ ಬಿಟ್ಟುಬಿಡಿ, ಮತ್ತೆ ಇಡಿ. ಹೊರಪದರ ನೆನೆದು ಮೆತ್ತಗಾದ ಮೇಲೆ ಒಮ್ಮೆ ಕೆಳಮುಖವಾಗಿ ಒರೆಸಿದರೆ ಸಾಕು, ತಾನಾಗಿ ಬರುತ್ತದೆ. ಕಣ್ಣಿಗೆ ಬೇರೆ ಹತ್ತಿ, ಎರಡು ಕಣ್ಣಿಗೆ ಎರಡು. ನಮ್ಮ ಬೂದು ಬೆಕ್ಕು ಮೊದಲ ದಿನ ಪಂಜ ಎತ್ತಿ ತಡೆಯಿತು, ಮೂರನೆಯ ದಿನ ಕಣ್ಣು ಮುಚ್ಚಿಕೊಂಡು ಮುಖ ಒಡ್ಡಿತು.

ಬಚ್ಚಲುಮನೆಯ ಬಾಗಿಲು ಮುಚ್ಚಿ ಬಿಸಿನೀರಿನ ನಲ್ಲಿ ಬಿಟ್ಟು, ಆವಿ ತುಂಬಿದಾಗ ಬೆಕ್ಕಿನೊಂದಿಗೆ 10–15 ನಿಮಿಷ ಕುಳಿತುಕೊಳ್ಳಿ. ಗಟ್ಟಿಯಾದ ಸಿಂಬಳ ಸಡಿಲವಾಗುತ್ತದೆ. ಕುದಿಯುವ ನೀರಿನ ಪಾತ್ರೆಯನ್ನು ಅದರ ಬಳಿ ಇಡಬೇಡಿ, ತಲೆಗೆ ಬಟ್ಟೆ ಹೊದಿಸಬೇಡಿ. ನೀರಿಗೆ ನೀಲಗಿರಿ ಎಣ್ಣೆಯಾಗಲಿ ನಾವು ಎದೆಗೆ ಹಚ್ಚಿಕೊಳ್ಳುವ ಮುಲಾಮಾಗಲಿ ಬೆರೆಸಲೇಬೇಡಿ. ನಮ್ಮ ಮೂಗು ಬಿಡಿಸುವ ಈ ಎಣ್ಣೆಗಳು ಬೆಕ್ಕಿಗೆ ವಿಷ. ಮನುಷ್ಯರ ಮೂಗಿನ ಹನಿಗಳೂ ಬೇಡ. ಕೋಣೆಯಲ್ಲಿ ಸಿಗರೇಟು, ಸೊಳ್ಳೆ ಬತ್ತಿ, ಸುಗಂಧದ ಸ್ಪ್ರೇ ಯಾವುದೂ ಇರಬಾರದು.

ಈಗ ಊಟ

ಮೂಗು ಒರೆಸಿ, ಆವಿ ಕೊಟ್ಟ ಕೂಡಲೇ ತಟ್ಟೆ ಇಡಿ. ವಾಸನೆ ತಿಳಿಯುವ ಹೊತ್ತು ಅದು. ಆಹಾರ ತಣ್ಣಗಿರಬಾರದು. ಬಟ್ಟಲನ್ನು ಬಿಸಿನೀರಿನ ಪಾತ್ರೆಯೊಳಗೆ ಸ್ವಲ್ಪ ಹೊತ್ತು ಇಟ್ಟು ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಬೆಕ್ಕಿನ ಮೈಬಿಸಿಯಷ್ಟಕ್ಕೆ ತನ್ನಿ. ಮಣಿಕಟ್ಟಿನ ಒಳಭಾಗಕ್ಕೆ ಮುಟ್ಟಿಸಿದರೆ ಹಿತವಾಗಿ ಬೆಚ್ಚಗಿರಬೇಕು. ಬೆಚ್ಚಗಾದಷ್ಟೂ ವಾಸನೆ ಏಳುತ್ತದೆ. ಒಣ ಕಾಳಿಗಿಂತ ಡಬ್ಬಿಯ ಮೆತ್ತನೆಯ ಆಹಾರ, ಮೀನು, ಕೋಳಿ ಒಳ್ಳೆಯದು, ಅವುಗಳಲ್ಲಿ ನೀರಿನ ಅಂಶವೂ ಹೆಚ್ಚು. ಈರುಳ್ಳಿ ಬೆಳ್ಳುಳ್ಳಿ ಹಾಕಿ ಬೇಯಿಸಿದ್ದನ್ನು ಕೊಡಬಾರದು. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹಾಲು ಅನೇಕ ಬೆಕ್ಕುಗಳಿಗೆ ಭೇದಿ ತರುತ್ತದೆ.

ಅಗಲವಾದ ತಟ್ಟೆಯಲ್ಲಿ ಒಂದು ಚಮಚದಷ್ಟು ಇಡಿ, ಮೀಸೆ ಅಂಚಿಗೆ ತಾಗದಂತೆ. ಹದಿನೈದು ನಿಮಿಷದಲ್ಲಿ ಮುಟ್ಟದಿದ್ದರೆ ತೆಗೆದುಬಿಡಿ. ದಿನವಿಡೀ ಮೂಗಿನ ಕೆಳಗೆ ತಟ್ಟೆ ಇಟ್ಟರೆ ಅದನ್ನು ಕಂಡರೇ ಓಕರಿಸುವಂತಾಗುತ್ತದೆ. ಬೆಕ್ಕು ತಟ್ಟೆಗೆ ಬಾಯಿ ತಂದು ಒಮ್ಮೆ ನೆಕ್ಕಿ, ಕಿರುಚಿ ಹಿಂದೆ ಸರಿದರೆ ನಾಲಿಗೆಯ ಮೇಲೆ ಹುಣ್ಣಿದೆಯೇ ನೋಡಿ. ಕ್ಯಾಲಿಸಿ ವೈರಸ್ಸಿನ ಗುರುತು ಅದು. ಅಂಥ ಬೆಕ್ಕಿಗೆ ಹಸಿವಿದೆ, ನೋವು ತಿನ್ನಗೊಡುತ್ತಿಲ್ಲ. ಅದಕ್ಕೆ ಬೇಕಾದದ್ದು ವೈದ್ಯರು ಕೊಡುವ ನೋವಿನ ಔಷಧ.

ಸಿರಿಂಜಿನಿಂದ ತಿನ್ನಿಸುವ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ: ಏದುಸಿರು ಬಿಡುತ್ತಿರುವ ಬೆಕ್ಕಿಗೆ ಎಂದಿಗೂ ಬೇಡ. ಆಹಾರ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಉಸಿರು ಶಾಂತವಾಗಿದ್ದು ವೈದ್ಯರೇ ಒಪ್ಪಿದ್ದರೆ ಮಾತ್ರ, ಬೆಕ್ಕನ್ನು ಸಹಜವಾಗಿ ಕುಳಿತಿರುವಂತೆಯೇ ಇಟ್ಟು, ಬಾಯಿಯ ಪಕ್ಕದಿಂದ ಒಂದೊಂದೇ ಮಿಲಿಲೀಟರ್ ಕೊಟ್ಟು, ನುಂಗಿದ್ದನ್ನು ನೋಡಿ ಮುಂದಿನದು ಕೊಡಿ.

ಎಷ್ಟು ದಿನ ಕಾಯಬಹುದು? ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ವೈದ್ಯರಿಗೆ ತಿಳಿಸಿ. ಮರಿಯಾದರೆ ಅಷ್ಟೂ ಕಾಯಬಾರದು. ಉಪವಾಸ ಬಿದ್ದ ಬೆಕ್ಕಿನ ದೇಹ ಕೊಬ್ಬನ್ನು ಕರಗಿಸಿ ಪಿತ್ತಜನಕಾಂಗಕ್ಕೆ ಕಳಿಸುತ್ತದೆ, ಅದು ಆ ಹೊರೆ ತಾಳಲಾರದೆ ಸ್ವತಃ ಕೊಬ್ಬು ತುಂಬಿಕೊಂಡು ಕೆಡುತ್ತದೆ. ಎರಡು ಮೂರು ದಿನದ ಉಪವಾಸಕ್ಕೇ ಇದು ಶುರುವಾಗಬಲ್ಲದು, ದಪ್ಪ ಬೆಕ್ಕುಗಳಲ್ಲಿ ಇನ್ನೂ ಸುಲಭವಾಗಿ. ವೈದ್ಯರು ಹಸಿವು ಹುಟ್ಟಿಸುವ ಔಷಧ ಕೊಡಬಹುದು ಅಥವಾ ಆಹಾರದ ನಳಿಕೆ ಹಾಕೋಣ ಎನ್ನಬಹುದು. ನಳಿಕೆ ಎಂದೊಡನೆ ಕೈಚೆಲ್ಲಬೇಡಿ; ಅದರ ಮೂಲಕವೇ ತಿಂದು ಚೇತರಿಸಿಕೊಂಡ ಬೆಕ್ಕುಗಳು ಬೇಕಾದಷ್ಟಿವೆ.

ಔಷಧದ ವಿಷಯ

ಜ್ವರವಿದೆಯೆಂದು ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದು ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಸಿಯುತ್ತದೆ, ಉಸಿರಿಗೆ ಈಗಾಗಲೇ ಪರದಾಡುತ್ತಿರುವ ಬೆಕ್ಕಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಐಬುಪ್ರೊಫೇನ್ ಕೂಡ ಬೇಡ. ವೈದ್ಯರು ಡಾಕ್ಸಿಸೈಕ್ಲಿನ್ ಮಾತ್ರೆ ಬರೆದಿದ್ದರೆ ಒಣದಾಗಿ ನುಂಗಿಸಬೇಡಿ. ಅನ್ನನಾಳದಲ್ಲಿ ಅಂಟಿಕೊಂಡು ಹುಣ್ಣಾಗಿ, ಮುಂದೆ ಅನ್ನನಾಳವೇ ಕಿರಿದಾಗಬಹುದು. ಮಾತ್ರೆಯ ಹಿಂದೆಯೇ 5–6 ಮಿಲಿಲೀಟರ್ ನೀರನ್ನೋ ಒಂದಿಷ್ಟು ಮೆತ್ತನೆಯ ಆಹಾರವನ್ನೋ ಕೊಡಿ.

ಬೇರೆ ಬೆಕ್ಕುಗಳಿದ್ದರೆ ಕೋಣೆ, ತಟ್ಟೆ, ಮಲದ ಟ್ರೇ ಎಲ್ಲ ಬೇರೆ ಮಾಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಹಾಸಿಗೆಯ ಪಕ್ಕ ಒಂದು ನೋಟ್‌ಬುಕ್ ಇಡಿ. ನಿದ್ದೆಯ ಉಸಿರು, ತಿಂದ ಚಮಚಗಳು, ಮೂತ್ರ ಮಾಡಿದ ಸಲ, ಬೆಳಗಿನ ತೂಕ ಬರೆಯಿರಿ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಅಂದಾಜು ಸಿಗುತ್ತದೆ. ಮಗುವಿನ ತಕ್ಕಡಿ ಸಿಕ್ಕರೆ ಇನ್ನೂ ನಿಖರ. ನಾಲ್ಕನೆಯ ದಿನ ನಮ್ಮ ಪುಸ್ತಕದಲ್ಲಿದ್ದದ್ದು: ಉಸಿರು 26, ಎರಡು ಚಮಚ ಮೀನು, ಮುಂಗಾಲು ನೆಕ್ಕಿಕೊಂಡಿತು. ಕಾಯಿಲೆ ಬಿದ್ದ ಬೆಕ್ಕು ಮೈ ನೆಕ್ಕಿಕೊಳ್ಳುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಆ ಕೊನೆಯ ಸಾಲು ಬರೆಯುವಾಗ ನನಗೆ ಆದ ಸಂತೋಷ ಮೊದಲಿನ ಎರಡಕ್ಕಿಂತ ಹೆಚ್ಚು.

ನೆಗಡಿ ಇಳಿಯಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಹರ್ಪಿಸ್ ವೈರಸ್ ಮಾತ್ರ ಮೈಯಲ್ಲೇ ಜೀವಮಾನವಿಡೀ ಅಡಗಿರುತ್ತದೆ. ಮನೆ ಬದಲಿಸಿದಾಗ, ಹೊಸ ಬೆಕ್ಕು ಬಂದಾಗ, ಶಸ್ತ್ರಚಿಕಿತ್ಸೆಯ ನಂತರ ಮತ್ತೆ ಸೀನು ಶುರುವಾದರೆ ಅದೇ ನೋಟ್‌ಬುಕ್ ತೆಗೆದು, ನಿದ್ದೆ ಹೋದಾಗ ಪಕ್ಕೆಯನ್ನು ನೋಡುತ್ತ ಎಣಿಸಲು ಕುಳಿತುಕೊಳ್ಳಿ.