ಪಕ್ಕದ ಮನೆ ನಾಯಿಯಿಂದ ಹಿತ್ತಲ ಕೋಳಿ ಕಾಯುವುದು ಹೇಗೆ?

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತು. ಬೆಳಿಗ್ಗೆ ಆರು ಗಂಟೆಗೆ ಕೋಳಿ ಬಿಟ್ಟು ಹಾಲು ಕರೆಯಲು ಕೊಟ್ಟಿಗೆಗೆ ಹೋಗಿದ್ದೆ. ತಿರುಗಿ ಬಂದರೆ ಬಾಳೆ ಬುಡದಲ್ಲಿ ಕೆಂಪು ಪುಕ್ಕದ ರಾಶಿ. ಎರಡು ಹೆಜ್ಜೆ ಮುಂದೆ ಒಂದು ಹೇಂಟೆ, ಅದರಾಚೆ ಇನ್ನೊಂದು. ಒಟ್ಟು ಐದು ಕೋಳಿ ಸತ್ತು ಬಿದ್ದಿದ್ದವು. ಅದರಲ್ಲೊಂದು ಮೂರು ದಿನದ ಹಿಂದಷ್ಟೇ ಮೊಟ್ಟೆ ಇಡಲು ಶುರು ಮಾಡಿದ ಎಳೆ ಹೇಂಟೆ. ಒಂದನ್ನೂ ನಾಯಿ ತಿಂದಿರಲಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಪಕ್ಕದ ಮನೆಗೂ ನಮಗೂ ನಡುವೆ ಇರುವುದು ಒಂದು ಅಡಿಕೆ ದಬ್ಬೆ ಬೇಲಿ, ಅಂದರೆ ಅಡಿಕೆ ಮರ ಸೀಳಿ ಮಾಡಿದ ಪಟ್ಟಿಗಳ ಬೇಲಿ. ಆ ನಾಯಿ ಎರಡು ವರ್ಷದಿಂದ ನಮ್ಮ ಮಕ್ಕಳ ಜೊತೆ ಆಡಿಕೊಂಡಿದ್ದ ನಾಯಿ. ಅದಕ್ಕೆ ಹೊಟ್ಟೆಗೆ ಕಡಿಮೆ ಆಗಿರಲಿಲ್ಲ. ಹಾಗಾದರೆ ಯಾಕೆ ಹೀಗೆ ಮಾಡಿತು? ಕೋಳಿ ರೆಕ್ಕೆ ಬಡಿದು ಓಡಿದರೆ ನಾಯಿಗೆ ಅಟ್ಟಿಸಿಕೊಂಡು ಹೋಗಬೇಕು ಅನ್ನಿಸುತ್ತದೆ. ಅದು ಹುಟ್ಟಿನಿಂದ ಬಂದ ಗುಣ. ಒಂದನ್ನು ಹಿಡಿದಾಗ ಉಳಿದವು ಕೂಗಿ ಹಾರಾಡುತ್ತವೆ. ಅದನ್ನು ನೋಡಿ ನಾಯಿ ಇನ್ನೊಂದರ ಹಿಂದೆ ಓಡುತ್ತದೆ. ಹೊಟ್ಟೆ ತುಂಬಿದ ನಾಯಿ ಕೋಳಿ ಮುಟ್ಟುವುದಿಲ್ಲ ಅಂತ ನಂಬಿಕೊಂಡು ಕೂರಬೇಡಿ.

ಮೊದಲು ಯಾರ ಕೆಲಸ ಅಂತ ನೋಡಿ

ಕೋಳಿ ಸತ್ತ ಕೂಡಲೇ ಪಕ್ಕದ ಮನೆಯವರ ಜೊತೆ ಜಗಳಕ್ಕೆ ಹೋಗುವ ಮುಂಚೆ ಐದು ನಿಮಿಷ ನೆಲ ನೋಡಿ. ನಾಯಿ ಬಂದಿದ್ದರೆ ಸಾಮಾನ್ಯವಾಗಿ ಒಂದಕ್ಕಿಂತ ಜಾಸ್ತಿ ಕೋಳಿ ಸತ್ತಿರುತ್ತವೆ, ಪುಕ್ಕ ಅಲ್ಲಲ್ಲಿ ಚೆಲ್ಲಿರುತ್ತದೆ, ಹೆಣ ಅಲ್ಲೇ ಬಿದ್ದಿರುತ್ತದೆ. ಕಾಡುಬೆಕ್ಕು ಹೆಚ್ಚಾಗಿ ಒಂದನ್ನು ಎತ್ತಿಕೊಂಡು ಹೋಗುತ್ತದೆ. ಮುಂಗುಸಿ ಕುತ್ತಿಗೆಗೆ ಬಾಯಿ ಹಾಕುತ್ತದೆ, ಮೊಟ್ಟೆಯನ್ನೂ ಬಿಡುವುದಿಲ್ಲ. ಹಗಲಲ್ಲಿ ಒಂದೊಂದೇ ಮರಿ ಮಾಯವಾದರೆ ಹದ್ದನ್ನೋ ಕಾಗೆಯನ್ನೋ ಅನುಮಾನಿಸಿ.

ಒದ್ದೆ ಮಣ್ಣಲ್ಲಿ ಹೆಜ್ಜೆ ಗುರುತು ಹುಡುಕಿ. ನಾಯಿಯದ್ದಾದರೆ ಉಗುರಿನ ಗುರುತು ಬೀಳುತ್ತದೆ, ಬೆಕ್ಕಿನದ್ದರಲ್ಲಿ ಸಾಮಾನ್ಯವಾಗಿ ಬೀಳುವುದಿಲ್ಲ. ಬೇಲಿ ಸುತ್ತ ಒಂದು ಸುತ್ತು ಹಾಕಿ, ಎಲ್ಲಿಂದ ನುಗ್ಗಿದೆ ಅಂತ ಪತ್ತೆ ಮಾಡಿ, ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಮಾತಾಡುವಾಗ ಬೇಕಾಗುತ್ತದೆ.

ನಮ್ಮಲ್ಲಿ ಬಚ್ಚಲು ನೀರು ಹರಿದು ಹೋಗುವ ಕಡೆ ಮಣ್ಣು ಯಾವಾಗಲೂ ಮೆದು. ಅಲ್ಲೇ ದಬ್ಬೆಯ ಕೆಳಗೆ ಒಂದು ತಟ್ಟೆಯಷ್ಟು ಅಗಲದ ಗುಂಡಿ. ಮೇಲಿನ ದಬ್ಬೆಯ ತುದಿಗೆ ನಾಯಿಯ ಕೂದಲು ಸಿಕ್ಕಿಕೊಂಡಿತ್ತು. ಬೇಲಿ ಐದಡಿ ಎತ್ತರ ಇದೆ ಅಂತ ನಾನು ಧೈರ್ಯವಾಗಿದ್ದೆ. ನಾಯಿ ಬಂದದ್ದು ಕೆಳಗಿನಿಂದ.

ಒಮ್ಮೆ ಕೋಳಿ ಹಿಡಿದ ನಾಯಿ ಮತ್ತೆ ಬರುತ್ತದೆ, ಹೆಚ್ಚಾಗಿ ಅದೇ ದಾರಿಯಲ್ಲಿ. ಹಾಗಾಗಿ ಅವತ್ತೇ ಆ ಗುಂಡಿಗೆ ದೊಡ್ಡ ಕಲ್ಲು ಇಟ್ಟು ಮುಚ್ಚಿ. ಬೇಲಿ ಸರಿಯಾಗುವ ತನಕ ಕೋಳಿಗಳನ್ನು ಗೂಡಲ್ಲೇ ಇಟ್ಟು ನೀರು, ಕಾಳು, ಸೊಪ್ಪು ಕೊಡಿ.

ಬೇಲಿಯ ಬುಡ ಭದ್ರ ಮಾಡುವುದು

ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದು. ಬೇರೆ ಏನಕ್ಕೂ ದುಡ್ಡಿಲ್ಲದಿದ್ದರೆ ಇದೊಂದನ್ನು ಮಾಡಿ.

ಇಡೀ ಹಿತ್ತಲಿಗೆ ಗಟ್ಟಿ ಬೇಲಿ ಹಾಕುವ ಅಗತ್ಯ ಇಲ್ಲ. ಹತ್ತು ಕೋಳಿಗೆ 10 ಅಡಿ ಉದ್ದ, 10 ಅಡಿ ಅಗಲದ ಒಂದು ಅಂಗಳ ಸಾಕು. ಯಾರೂ ಮನೆಯಲ್ಲಿ ಇಲ್ಲದ ಹೊತ್ತು ಕೋಳಿ ಅದರೊಳಗೆ ಇರಲಿ. ನಾವು ಹಿತ್ತಲಲ್ಲಿ ಕೆಲಸ ಮಾಡುವಾಗ ಹೊರಗೆ ಬಿಡಬಹುದು.

ಅಂಗಡಿಗೆ ಹೋದರೆ ಚಿಕನ್ ಮೆಶ್ ಅಂತ ಆರು ಮೂಲೆ ಕಣ್ಣಿನ ತೆಳು ಜಾಲರಿ ಕೊಡುತ್ತಾರೆ. ಹೆಸರು ನೋಡಿ ತರಬೇಡಿ. ಅದು ಕೋಳಿಯನ್ನು ಒಳಗೆ ಇಡುತ್ತದೆ, ಅಷ್ಟೇ. ದೊಡ್ಡ ನಾಯಿ ಹಲ್ಲು ಹಾಕಿ ಎಳೆದರೆ ಹರಿದುಬರುತ್ತದೆ. ಬೆಸುಗೆ ಹಾಕಿದ ಚೌಕ ಕಣ್ಣಿನ ವೆಲ್ಡ್ ಮೆಶ್ ಕೇಳಿ. ಕಣ್ಣು ಒಂದು ಇಂಚು, ತಂತಿ 14 ಗೇಜ್ ಇದ್ದರೆ ಒಳ್ಳೆಯದು. ಗೇಜ್ ಸಂಖ್ಯೆ ಕಡಿಮೆ ಆದಷ್ಟೂ ತಂತಿ ದಪ್ಪ ಅನ್ನುವುದು ನೆನಪಿರಲಿ. ಸುತ್ತಲೂ ಹಾಕಲು ದುಡ್ಡು ಸಾಲದಿದ್ದರೆ ಕೆಳಗಿನ ಮೂರಡಿಗೆ ವೆಲ್ಡ್ ಮೆಶ್ ಹಾಕಿ, ಮೇಲಕ್ಕೆ ತೆಳು ಜಾಲರಿ ಕಟ್ಟಿ.

ಈಗ ಬುಡದ ವಿಷಯ. ಇನ್ನೂ ಎರಡಡಿ ಅಗಲದ ಮೆಶ್ ತೆಗೆದುಕೊಂಡು ಬೇಲಿಯ ಹೊರಗಡೆ, ಅಂದರೆ ನಾಯಿ ಬರುವ ಕಡೆ, ನೆಲದ ಮೇಲೆ ಚಾಪೆ ಹಾಸಿದ ಹಾಗೆ ಹಾಸಿ. ಅದರ ಒಂದು ಅಂಚನ್ನು ಬೇಲಿಯ ಕೆಳತುದಿಗೆ ಕಟ್ಟುತಂತಿಯಿಂದ ಗೇಣಿಗೊಂದು ಕಡೆ ಬಿಗಿಯಾಗಿ ಕಟ್ಟಿ. ಇನ್ನೊಂದು ಅಂಚಿನ ಮೇಲೆ ಕಲ್ಲು ಪೇರಿಸಿ, ಇಲ್ಲವೇ ಮೂರು ಇಂಚು ಮಣ್ಣು ಎಳೆಯಿರಿ. ಒಂದು ಮಳೆ ಬಿದ್ದರೆ ಹುಲ್ಲು ಬೆಳೆದು ಮೆಶ್ ನೆಲಕ್ಕೆ ಕಚ್ಚಿಕೊಳ್ಳುತ್ತದೆ.

ಇದು ಯಾಕೆ ಕೆಲಸ ಮಾಡುತ್ತದೆ ಗೊತ್ತಾ? ನಾಯಿ ಯಾವಾಗಲೂ ಬೇಲಿಗೆ ಮೂಗು ತಾಗಿಸಿ, ಅದೇ ಜಾಗದಲ್ಲಿ ಕೆರೆಯಲು ಶುರು ಮಾಡುತ್ತದೆ. ಉಗುರಿಗೆ ತಂತಿ ಸಿಗುತ್ತದೆ. ಪಕ್ಕಕ್ಕೆ ಸರಿದು ಕೆರೆದರೂ ತಂತಿಯೇ. ಎರಡಡಿ ಹಿಂದೆ ಹೋಗಿ ಅಲ್ಲಿಂದ ತೋಡಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ. ಗುಂಡಿ ತೋಡಿ ಮೆಶ್ ಹೂಳುವುದಕ್ಕಿಂತ ಇದು ಸುಲಭ, ತುಕ್ಕು ಹಿಡಿದರೆ ಕಣ್ಣಿಗೂ ಕಾಣುತ್ತದೆ. ಬೇಲಿಯ ಹೊರಗೆ ಪಕ್ಕದವರ ಜಾಗವಿದ್ದರೆ ಅವರನ್ನು ಕೇಳಿ ಹಾಸಿ, ಇಲ್ಲವೇ ಬೇಲಿಯನ್ನೇ ಎರಡಡಿ ಒಳಗೆ ತನ್ನಿ.

ಮಲೆನಾಡಲ್ಲಿ ದಬ್ಬೆ ಬೇಲಿ ಜಾಸ್ತಿ. ದಬ್ಬೆ ಗಟ್ಟಿಯಾದದ್ದೇ, ಆದರೆ ಮಣ್ಣಿಗೆ ತಾಗುವ ಕಡೆ ಮಳೆಗೆ ಕೊಳೆಯುತ್ತದೆ, ಗೆದ್ದಲು ಹಿಡಿಯುತ್ತದೆ. ವರ್ಷಕ್ಕೊಮ್ಮೆ ಪ್ರತಿ ದಬ್ಬೆಯ ಬುಡವನ್ನು ಕಾಲಿನಿಂದ ಒತ್ತಿ ನೋಡಿ. ಜಂಬಿಟ್ಟಿಗೆ ಕಲ್ಲು ಸಿಗುವ ಕಡೆ ಒಂದು ಸಾಲು ಕಲ್ಲು ಹೂತು ಅದರ ಮೇಲೆ ಬೇಲಿ ನಿಲ್ಲಿಸುವುದು ಇನ್ನೂ ಒಳ್ಳೆಯದು.

ಎತ್ತರ ಐದಡಿ ಸಾಕಾಗುತ್ತದೆ. ಮುಧೋಳದಂತಹ ಉದ್ದ ಕಾಲಿನ ಓಟದ ನಾಯಿ ಇದ್ದರೆ ಆರಡಿ ಮಾಡಿ. ಬೇಲಿ ಪಕ್ಕ ಕಟ್ಟಿಗೆ ರಾಶಿ, ಗೊಬ್ಬರದ ಗುಡ್ಡೆ ಇರಬಾರದು. ನಾಯಿಗೆ ಅದೇ ಮೆಟ್ಟಿಲಾಗುತ್ತದೆ.

ಬಾಗಿಲು, ಚಿಲಕ

ಗೇಟಿನ ಕೆಳಗೆ ಎರಡು ಇಂಚಿಗಿಂತ ಜಾಸ್ತಿ ಸಂದು ಬಿಡಬೇಡಿ, ಅಡ್ಡಕ್ಕೆ ಒಂದು ಚಪ್ಪಡಿ ಕಲ್ಲು ಹೂತುಬಿಡಿ. ಹಗ್ಗ ಸುತ್ತುವುದು, ಕೋಲು ಆನಿಸುವುದು ಚಿಲಕ ಅಲ್ಲ. ನಾಯಿ ಮೂಗಿನಿಂದ ತಳ್ಳಿ, ಪಂಜದಿಂದ ಎಳೆದು ನೋಡುತ್ತದೆ. ಅಡ್ಡ ಎಳೆಯುವ ಕಬ್ಬಿಣದ ಚಿಲಕ ಹಾಕಿಸಿ, ಅದರ ತೂತಿಗೆ ಒಂದು ಕೊಕ್ಕೆ ಸಿಕ್ಕಿಸಿ.

ರಾತ್ರಿಯ ಗೂಡು

ಹಳ್ಳಿಯಲ್ಲಿ ಇವತ್ತಿಗೂ ಎಷ್ಟೋ ಮನೆಯಲ್ಲಿ ಬುಟ್ಟಿ ಕವುಚಿ, ಮೇಲೊಂದು ಕಲ್ಲು ಇಟ್ಟು ಕೋಳಿ ಮುಚ್ಚುತ್ತಾರೆ. ಜಗಲಿಯ ಒಳಗೆ ಬಾಗಿಲು ಹಾಕಿಕೊಂಡರೆ ಅದು ಸರಿ. ಅಂಗಳದಲ್ಲಿ ಇಟ್ಟರೆ ನಾಯಿ ಒಂದೇ ಸಲ ತಳ್ಳಿ ಉರುಳಿಸುತ್ತದೆ.

ಹತ್ತು ಕೋಳಿಗೆ 4 ಅಡಿ ಉದ್ದ, 4 ಅಡಿ ಅಗಲದ ಗೂಡು ಸಾಕು. ನೆಲದಿಂದ ಎರಡಡಿ ಎತ್ತರದಲ್ಲಿರಲಿ. ತಳಕ್ಕೆ ಬರೀ ದಬ್ಬೆ ಜೋಡಿಸಿದರೆ ಸಂದಿಯಿಂದ ಇಳಿಬಿದ್ದ ಕಾಲನ್ನು ನಾಯಿ ಕೆಳಗಿನಿಂದ ಹಿಡಿದು ಎಳೆಯಬಹುದು, ಹಾಗಾಗಿ ದಬ್ಬೆಯ ಕೆಳಗೆ ಮೆಶ್ ಹೊಡೆಯಿರಿ. ಕಾವಿಗೆ ಕೂತ ಹೇಂಟೆ ಮತ್ತು ಮರಿ ಇರುವ ತಾಯಿಯ ಬಗ್ಗೆ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಬೇರೆ ಕೋಳಿ ಹಾರಿ ಮರ ಹತ್ತಿಕೊಳ್ಳುತ್ತವೆ. ತಾಯಿಕೋಳಿ ಮರಿ ಬಿಟ್ಟು ಹೋಗುವುದಿಲ್ಲ, ನಾಯಿಯ ಎದುರೇ ರೆಕ್ಕೆ ಬಿಚ್ಚಿ ನಿಲ್ಲುತ್ತದೆ. ಅದನ್ನು ಮರಿಗಳ ಜೊತೆ ಬೇರೆ ಗೂಡಲ್ಲಿ ಇಡಿ.

ಕಣ್ಣಿಗೆ ಬೀಳದಂತೆ, ವಾಸನೆ ಹತ್ತದಂತೆ

ನಾಯಿ ಬೇಲಿಯಾಚೆ ಕೂತು ಇಡೀ ದಿನ ಕೋಳಿ ನೋಡುತ್ತಿದ್ದರೆ ಅದರ ಆಸೆ ಕಮ್ಮಿ ಆಗುವುದಿಲ್ಲ. ನೆಲದಿಂದ ಮೂರಡಿ ಎತ್ತರಕ್ಕೆ ಹಸಿರು ನೆರಳು ಬಲೆಯೋ ಸೋಗೆಯೋ ಕಟ್ಟಿ ಮರೆ ಮಾಡಿ. ನಾಯಿಯನ್ನು ಇದು ತಡೆಯುವುದಿಲ್ಲ, ಕೆರಳದಂತೆ ಮಾಡುತ್ತದೆ.

ಇನ್ನೊಂದು ವಿಷಯ, ನಾವೇ ಮಾಡುವ ತಪ್ಪು. ಮನೆಯಲ್ಲಿ ಕೋಳಿ ಕೊಯ್ದಾಗ ಕರುಳು, ಪುಕ್ಕ, ತಲೆಯನ್ನು ತೋಟದ ಮೂಲೆಗೆ ಎಸೆಯುತ್ತೇವೆ ಅಲ್ವಾ? ಸುತ್ತಲ ನಾಯಿಗಳಿಗೆ ಹಿತ್ತಲ ದಾರಿ ತೋರಿಸುವುದು ಅದೇ. ಎರಡಡಿ ಗುಂಡಿ ತೋಡಿ ಹೂತು, ಮೇಲೆ ಕಲ್ಲು ಹೇರಿ.

ಕೋಳಿಯೇ ಬೇಲಿ ಹಾರಿ ಪಕ್ಕದ ಅಂಗಳಕ್ಕೆ ಹೋದರೆ ನಾಯಿಯನ್ನು ಏನೆಂದು ದೂರುವುದು? ಹಾರುವ ಚಟ ಇರುವ ಕೋಳಿಯ ಒಂದು ಕಡೆಯ ರೆಕ್ಕೆಯ ಉದ್ದ ಗರಿಗಳನ್ನು ಮಾತ್ರ ಅರ್ಧಕ್ಕೆ ಕತ್ತರಿಸಿ. ಹೊಸದಾಗಿ ಮೂಡುವ ಗರಿಯ ಬುಡದಲ್ಲಿ ರಕ್ತ ಇರುತ್ತದೆ, ಅದನ್ನು ಮುಟ್ಟಬೇಡಿ. ಬೇಲಿ ಭದ್ರ ಆದ ಮೇಲಷ್ಟೇ ಈ ಕೆಲಸ. ಇಲ್ಲದಿದ್ದರೆ ನಾಯಿ ಬಂದಾಗ ಹಾರಿ ಬದುಕುವ ದಾರಿಯನ್ನೂ ಕಿತ್ತುಕೊಂಡ ಹಾಗೆ.

ಪಕ್ಕದವರ ಜೊತೆ ಮಾತು

ಸತ್ತ ಕೋಳಿ ಕೈಯಲ್ಲಿ ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾ ಹೋಗಬೇಡಿ. ನಾನು ಅವತ್ತು ಬೆಳಿಗ್ಗೆ ಹೋಗಲಿಲ್ಲ. ಸಂಜೆ ಹೋಗಿ, ಫೋಟೋ ತೋರಿಸಿ ಹೇಳಿದೆ. "ಅಣ್ಣಾ, ಬೈಯೋಕೆ ಬಂದಿಲ್ಲ. ನಾಯಿ ನಿಮ್ಗೆ ಬೇಕು, ಕೋಳಿ ನಮ್ಗೆ ಬೇಕು. ಇಬ್ರೂ ಸೇರಿ ಏನಾದ್ರೂ ಮಾಡೋಣ."

ಅವರು ತುಂಬ ಹೊತ್ತು ಫೋಟೋ ನೋಡಿದರು. ಆಮೇಲೆ ಹೇಳಿದರು, "ಕಟ್ಟಿ ಹಾಕ್ಬಹುದು. ಆದ್ರೆ ರಾತ್ರಿ ತೋಟಕ್ಕೆ ಹಂದಿ ಬರುತ್ತೆ, ಆಗ ಕಟ್ಟೋಕಾಗಲ್ಲ."

ಅವರ ಮಾತು ನ್ಯಾಯವೇ. ಅಲ್ಲಿಂದಲೇ ದಾರಿ ಸಿಕ್ಕಿತು. ರಾತ್ರಿ ನಾಯಿ ಬಿಟ್ಟಿರುತ್ತದೆ, ಕೋಳಿ ಗೂಡಲ್ಲಿ. ಬೆಳಿಗ್ಗೆ ಎಂಟಕ್ಕೆ ಅವರು ನಾಯಿ ಕಟ್ಟುತ್ತಾರೆ, ಆಮೇಲೆ ನಾನು ಕೋಳಿ ಬಿಡುತ್ತೇನೆ. ಸಂಜೆ ಕೋಳಿ ಗೂಡು ಸೇರಿದ ಮೇಲೆ ನಾನು ಒಂದು ಕೂಗು ಹಾಕಿದರೆ ಅವರು ನಾಯಿ ಬಿಚ್ಚುತ್ತಾರೆ.

ಹಗಲಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿದರೆ ನಾಯಿ ಸಿಡುಕಾಗುತ್ತದೆ. ಎರಡು ಮರದ ನಡುವೆ ತಂತಿ ಬಿಗಿದು, ಅದರಲ್ಲಿ ಸರಿಯುವ ಬಳೆಗೆ ಸರಪಳಿ ಹಾಕಿದರೆ ಅದಕ್ಕೂ ಓಡಾಡಲು ಜಾಗ ಸಿಗುತ್ತದೆ. ಆ ತಂತಿಯ ಖರ್ಚಲ್ಲಿ ಅರ್ಧ ನಾವು ಕೊಟ್ಟೆವು. ಅವರು ಸತ್ತ ಕೋಳಿಗಳ ಬದಲಿಗೆ ಮೂರು ಗಿರಿರಾಜ ಮರಿ ತಂದುಕೊಟ್ಟರು. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆ ಅಂತಲೇ ಬೆಳೆಸಿದ ತಳಿ ಅದು. ತೂಕ ಜಾಸ್ತಿ, ನಾಟಿ ಕೋಳಿಯಷ್ಟು ಚುರುಕಾಗಿ ಹಾರಿ ತಪ್ಪಿಸಿಕೊಳ್ಳುವುದಿಲ್ಲ. ಅದನ್ನು ಸಾಕುವವರು ಬೇಲಿಯನ್ನು ಇನ್ನೂ ಗಮನಿಸಬೇಕು.

ಎಷ್ಟು ಹೇಳಿದರೂ ಕೇಳದವರಿದ್ದರೆ ತಾರೀಕು, ಫೋಟೋ ಸಮೇತ ಪಂಚಾಯಿತಿಗೋ ನಗರಸಭೆಗೋ ಬರೆದುಕೊಡಿ.

ಇವನ್ನು ಮಾಡಲೇಬೇಡಿ

ವಿಷ ಇಡಬೇಡಿ. ಎಷ್ಟೇ ಹೊಟ್ಟೆ ಉರಿದರೂ ಇಡಬೇಡಿ. ಆ ತುಂಡನ್ನು ಯಾವ ಬೆಕ್ಕು, ಯಾವ ಕಾಗೆ, ಯಾರ ಮನೆ ಮಗು ಮುಟ್ಟುತ್ತದೋ ಹೇಳಲಾಗದು. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಗೆ ವಿಷ ಹಾಕಿ ಕೊಂದರೆ 5 ವರ್ಷದ ತನಕ ಜೈಲು ಆಗಬಹುದು. ಬೇಲಿಯ ಸಂದಿಗೆ ಉರುಳು ಕಟ್ಟುವುದೂ ಬೇಡ. ನಮ್ಮ ಕಡೆ ಉರುಳಿಗೆ ಚಿರತೆ ಸಿಕ್ಕಿ ನರಳಿದ್ದುಂಟು. ಮನೆ ಲೈನಿನ ಕರೆಂಟನ್ನು ಬೇಲಿಗೆ ಕೊಡುವುದಂತೂ ಮನುಷ್ಯರ ಪ್ರಾಣಕ್ಕೇ ಕುತ್ತು.

ಸತ್ತ ಕೋಳಿಯನ್ನು ನಾಯಿಯ ಕೊರಳಿಗೆ ಕಟ್ಟಿದರೆ ಬುದ್ಧಿ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಅದರಿಂದ ನಾಯಿ ಏನೂ ಕಲಿಯುವುದಿಲ್ಲ, ಸುಮ್ನೆ ಹಿಂಸೆ.

ನಾಯಿ ಬಾಯಿ ಹಾಕಿಯೇಬಿಟ್ಟರೆ

ಬರಿಗೈಯಲ್ಲಿ ನಾಯಿಯ ಬಾಯಿಂದ ಕೋಳಿ ಬಿಡಿಸಲು ಹೋಗಬೇಡಿ. ಒಂದು ಬಕೆಟ್ ನೀರು ಎರಚಿ, ತಗಡು ಬಡಿಯಿರಿ. ನಿಮಗೇ ಹಲ್ಲು ತಾಗಿದರೆ ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ರೋಗದ ಲಸಿಕೆ ಶುರು ಮಾಡಿಸಿ. ಪರಿಚಯದ ನಾಯಿ ಅಂತ ಬಿಡಬೇಡಿ.

ಬದುಕಿದ ಕೋಳಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹೊಟ್ಟು ಹಾಸಿ, ಕತ್ತಲೆಯ, ಬೆಚ್ಚಗಿನ ಜಾಗದಲ್ಲಿ ಇಡಿ. ಹೆದರಿಕೆಗೇ ಕೆಲವು ಸಾಯುತ್ತವೆ. ಸ್ವಲ್ಪ ಸುಧಾರಿಸಿದ ಮೇಲೆ ಪುಕ್ಕ ಬಿಡಿಸಿ ನೋಡಿ. ಮೇಲೆ ಏನೂ ಕಾಣದಿದ್ದರೂ ಬೆನ್ನು, ತೊಡೆಯ ಹತ್ತಿರ ಹಲ್ಲಿನ ತೂತು ಇರುತ್ತದೆ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಸಣ್ಣ ಚಮಚಕ್ಕಿಂತ ತುಸು ಕಡಿಮೆ ಉಪ್ಪು ಹಾಕಿ ತೊಳೆಯಿರಿ, ಪೋವಿಡೋನ್ ಅಯೋಡಿನ್ ಹಚ್ಚಿ. ನೊಣ ಕೂತರೆ ಹುಳ ಬೀಳುತ್ತದೆ, ದಿನಕ್ಕೆ ಎರಡು ಸಲ ನೋಡಬೇಕು. ಗಾಯ ಆಳ ಇದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಕಾಣೆಯಾದ ಕೋಳಿಗಳನ್ನು ಕೂಗುತ್ತಾ ಹುಡುಕಬೇಡಿ, ಹೆದರಿ ಪೊದೆಯಲ್ಲಿ ಅಡಗಿರುತ್ತವೆ. ಗೂಡಿನ ಬಾಗಿಲು ತೆರೆದಿಟ್ಟು, ಮುಂದೆ ಕಾಳು ಚೆಲ್ಲಿ, ಹತ್ತಿರದಲ್ಲೇ ಸದ್ದಿಲ್ಲದೆ ಕಾದು ಕೂರಿ. ಮುಸ್ಸಂಜೆಗೆ ಒಂದೊಂದೇ ಬರುತ್ತವೆ.

ಕೆಲವು ದಿನ ಮೊಟ್ಟೆ ನಿಲ್ಲುತ್ತದೆ. ಅದಕ್ಕೆ ಅಂತ ಕೋಳಿಯನ್ನು ಸಾರಿಗೆ ಹಾಕಬೇಡಿ. ನಮ್ಮಲ್ಲಿ ಬೆನ್ನಿಗೆ ಗಾಯವಾಗಿ ಉಳಿದ ಕರಿ ಹೇಂಟೆ ಗೂಡಿನ ಕಡೆ ತಲೆ ಹಾಕದೆ ಮೂರು ವಾರ ಅಡಿಗೆಮನೆ ಮೂಲೆಯಲ್ಲೇ ಇತ್ತು. ಒಂದು ಬೆಳಿಗ್ಗೆ ಒಲೆಗೆ ಕಟ್ಟಿಗೆ ತೆಗೆಯಲು ಹೋದರೆ ರಾಶಿಯ ಹಿಂದೆ ಬೆಚ್ಚಗಿನ ಒಂದು ಮೊಟ್ಟೆ ಕೈಗೆ ಸಿಕ್ಕಿತು.