ಅಜ್ಜನ ಟ್ರ್ಯಾಕ್ಟರ್ ಅಂಗಡಿಯ ಇತಿಹಾಸ ಬರೆಯಬೇಕಾ? ಉದ್ರಿ ಪುಸ್ತಕದಿಂದ ಶುರು ಮಾಡಿ

ನಮ್ಮದು ದಾವಣಗೆರೆ ಕಡೆಯ ಮೂರು ತಲೆಮಾರಿನ ಅಂಗಡಿ. ನೇಗಿಲ ಗುಳ, ಕುಂಟೆ ಮಾರುತ್ತಾ ಶುರುವಾಗಿ, ಪಂಪ್‌ಸೆಟ್, ಟಿಲ್ಲರ್ (ಕೈಯಲ್ಲಿ ಹಿಡಿದು ನಡೆಸುವ ಉಳುಮೆ ಯಂತ್ರ) ದಾಟಿ ಟ್ರ್ಯಾಕ್ಟರ್ ಡೀಲರ್‌ಶಿಪ್ ತನಕ ಬಂತು. ಅದರ ಇತಿಹಾಸ ಬರೆಯೋಣ ಅಂತ ಕೂತಾಗ ನಾನು ಬರೆದ ಮೊದಲ ಸಾಲು "ಪೂಜ್ಯ ಅಜ್ಜನವರು ಅಪಾರ ಪರಿಶ್ರಮದಿಂದ ಸ್ಥಾಪಿಸಿದ" ಅಂತ. ಎರಡನೇ ಪುಟಕ್ಕೆ ಸರಕು ಖಾಲಿ. ಹೊಗಳಿಕೆ ಅಷ್ಟೇ ದೂರ ಬರೋದು. ಹಾಗಾಗಿ ನನ್ನ ಸಲಹೆ ಇಷ್ಟೇ: ಗೋಡೆ ಮೇಲಿನ ಕಂಪನಿ ಸರ್ಟಿಫಿಕೇಟು, ಶೀಲ್ಡು ಎಲ್ಲ ಆಮೇಲೆ ನೋಡಿ, ಮೊದಲು ಅಟ್ಟ ಹತ್ತಿ.

ಅಟ್ಟದಲ್ಲಿ ಹುಡುಕಬೇಕಾದ್ದು ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ, ಮತ್ತು ಉದ್ರಿ, ಅಂದರೆ ಸಾಲದ ವ್ಯಾಪಾರದ ಪುಸ್ತಕ. ಕೆಂಪು ಬಟ್ಟೆ ರಟ್ಟಿನ ಉದ್ದನೆಯ ಪುಸ್ತಕಗಳು, ಅಂಚೆಲ್ಲ ಹುಳ ತಿಂದಿರುತ್ತವೆ. ನಮ್ಮದರಲ್ಲಿ ಒಂದು ಸಾಲು ಹೀಗಿದೆ: "ದೊಡ್ಡ ಗುಳ 2, ಬೋಲ್ಟು 6, ಉದ್ರಿ, ಸುಗ್ಗಿಗೆ." ರೈತನ ಹೆಸರಿನ ಜಾಗದಲ್ಲಿ ಹೆಸರೇ ಇಲ್ಲ, "ಕೆರೆ ಏರಿ ಮನೆಯವರ ಅಳಿಯ" ಅಂತ ಇದೆ. ಪಕ್ಕದಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದು ಗೀಟು, ಕೆಳಗೆ ಅಜ್ಜನ ಕೈಬರಹ: "ಬಿಟ್ಟಿದ್ದು." ಆ ಪುಟ ತುಂಬಾ ಇದೇ ಕೆಂಪು ಗೀಟುಗಳು. ಅದು ಮಳೆ ಕೈಕೊಟ್ಟ ವರ್ಷ ಅಂತ ಅಪ್ಪ ಆಮೇಲೆ ಹೇಳಿದರು. ಅಜ್ಜ ಮಹಾ ಜಿಪುಣ ಅಂತ ನಮ್ಮ ಮನೇಲಿ ಎಲ್ಲರೂ ನಂಬಿದ್ದರು, ಗೊತ್ತಾ! ಪ್ರತಿ ಪುಟ ಫೋನಲ್ಲಿ ಫೋಟೋ ತೆಗೆದುಕೊಳ್ಳಿ, ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು. ಒಂದು ಮಾತು: ಯಾರು ಎಷ್ಟು ಬಾಕಿ ಇಟ್ಟಿದ್ದರು ಅಂತ ಹೆಸರು ಹಾಕಿ ಅಚ್ಚು ಮಾಡಬೇಡಿ. ಅವರ ಮೊಮ್ಮಕ್ಕಳು ಇವತ್ತೂ ನಿಮ್ಮ ಗಿರಾಕಿಗಳೇ.

ತಾರೀಖು ಇಲ್ಲದ ಕಾಗದ, ಫೋಟೋ ರಾಶಿ ಬೀಳುತ್ತವೆ. ಹೆದರಬೇಡಿ, ಪತ್ತೆದಾರಿಕೆಗೆ ಸುಳಿವು ಬೇಕಾದಷ್ಟಿವೆ. ಲೆಟರ್‌ಹೆಡ್‌ನಲ್ಲಿ "ಮೈಸೂರು ರಾಜ್ಯ" ಅಂತಿದ್ದರೆ 1973ರ ನವೆಂಬರ್‌ಗಿಂತ ಮುಂಚೆ ಅಚ್ಚಾಗಿದ್ದು ಅಂತ ಲೆಕ್ಕ ಹಾಕಬಹುದು. ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ದಾವಣಗೆರೆಯನ್ನು ಚಿತ್ರದುರ್ಗ ಜಿಲ್ಲೆ ಅಂತ ಬರೆದಿದ್ದರೆ 1997ಕ್ಕಿಂತ ಹಿಂದಿನದು, ಹಾವೇರಿಯವರಿಗೆ ಧಾರವಾಡ ಜಿಲ್ಲೆಯದೂ ಇದೇ ಲೆಕ್ಕ. ಆದರೆ ಹಳೇ ಲೆಟರ್‌ಹೆಡ್ ಖಾಲಿಯಾಗೋವರೆಗೂ ಬಳಸೋದು ನಮ್ಮ ಜನರ ಅಭ್ಯಾಸ, ಒಂದೆರಡು ವರ್ಷ ಆಚೀಚೆ ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ವ್ಯಾಟ್ ಬಂದಿದ್ದು 2005ರಲ್ಲಿ, ಜಿಎಸ್‌ಟಿ 2017ರಲ್ಲಿ. ಫೋಟೋದಲ್ಲಿ ಗಾಡಿಯ ನಂಬರ್ ಪ್ಲೇಟ್ ಕೆಎ ಅಂತ ಶುರುವಾದರೆ 1989ಕ್ಕಿಂತ ಹಿಂದೆ ಹೋಗೋದೇ ಬೇಡ. ಇನ್ನು ಅಂಗಡಿಯ ಫೋಟೋಗಳಲ್ಲಿ ಮುಕ್ಕಾಲು ಪಾಲು ಆಯುಧ ಪೂಜೆಯವೇ ಆಗಿರುತ್ತವೆ, ಬೇರೆ ದಿನ ಕ್ಯಾಮೆರಾದವರನ್ನು ಯಾರು ಕರೆಸುತ್ತಿದ್ದರು? ಬಾಳೆಕಂದು, ಒಡೆದ ಬೂದುಗುಂಬಳ ಕಂಡರೆ ತಿಂಗಳು ಖಾತ್ರಿ, ವರ್ಷ ಮಾತ್ರ ಹುಡುಕಬೇಕು.

ಊರಿಗೆ ಏನಾಗುತ್ತಿತ್ತು ಅಂತಲೂ ಪಕ್ಕಕ್ಕೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ನಿಮ್ಮ ಅಂಗಡಿ ಗಾಳಿಯಲ್ಲಿ ನಿಂತ ಹಾಗಿರುತ್ತದೆ. ನಮ್ಮ ಕಡೆ ಭದ್ರಾ ನಾಲೆ ನೀರು ಬಂದ ಮೇಲೆ ಭತ್ತದ ಗದ್ದೆ ಹೆಚ್ಚಿತು, ಕೆಸರು ಹೊಡೆಯೋಕೆ ಟಿಲ್ಲರ್, ಆಮೇಲೆ ಟ್ರ್ಯಾಕ್ಟರಿಗೆ ಕೇಜ್ ವೀಲ್ (ಕೆಸರಿಗೆ ಹಾಕೋ ಕಬ್ಬಿಣದ ಚಕ್ರ) ಬೇಕಾಯಿತು. ಅಜ್ಜನ ಬುದ್ಧಿವಂತಿಕೆ ಎಷ್ಟೋ, ನಾಲೆಯದೂ ಅಷ್ಟೇ. 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣ ಆದ ಮೇಲೆ ರೈತರಿಗೆ ಸಾಲ ಸಿಗೋದು ಸುಲಭವಾಯಿತು. ರೈತರಿಗೆ ಸಾಲ ಕೊಡುತ್ತಿದ್ದ ಸಹಕಾರಿ ಬ್ಯಾಂಕಾದ ಪಿಎಲ್‌ಡಿ ಬ್ಯಾಂಕಿನ ಕಾಗದಗಳೂ ಅದೇ ಅಟ್ಟದಲ್ಲಿ ಸಿಗಬಹುದು. ಕಂಪನಿಗಳ ಕಥೆಯೂ ಬೇಕು: ಐಷರ್ ಟ್ರ್ಯಾಕ್ಟರ್ ನಮ್ಮ ದೇಶದಲ್ಲಿ ತಯಾರಾಗತೊಡಗಿದ್ದು 1959ರಲ್ಲಿ, ಬೆಂಗಳೂರಿನ ವಿಎಸ್‌ಟಿ ಟಿಲ್ಲರ್ ಕಂಪನಿ ಹುಟ್ಟಿದ್ದು 1967ರಲ್ಲಿ, ಎಚ್‌ಎಂಟಿ ಟ್ರ್ಯಾಕ್ಟರ್ ಬಂದಿದ್ದು 1971ರಲ್ಲಿ. 2005ರಲ್ಲಿ ಐಷರ್ ಟ್ರ್ಯಾಕ್ಟರ್ ಇನ್ನೊಂದು ಟ್ರ್ಯಾಕ್ಟರ್ ಕಂಪನಿ ಟ್ಯಾಫೆ ಪಾಲಾಯಿತು, 2007ರಲ್ಲಿ ಸ್ವರಾಜ್ ಟ್ರ್ಯಾಕ್ಟರ್ ಮಹೀಂದ್ರಾದವರ ಕೈಗೆ ಹೋಯಿತು. ಅಂಗಡಿಯ ಪತ್ರವ್ಯವಹಾರದಲ್ಲಿ ಕಂಪನಿಯ ಹೆಸರು ಬದಲಾಗಿದ್ದಕ್ಕೆ ಕಾರಣ ಅಲ್ಲಿ ಸಿಗಬಹುದು.

ಕಬ್ಬಿಣದ ನೇಗಿಲಿನ ವಿಷಯ ಬಂದರೆ ಲಕ್ಷ್ಮಣರಾವ್ ಕಿರ್ಲೋಸ್ಕರರನ್ನು ಬಿಡೋ ಹಾಗಿಲ್ಲ. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು ಮುಂದೆ ನೇಗಿಲು ಮಾಡಿದರು. ಕಬ್ಬಿಣ ತಾಕಿದರೆ ಭೂಮಿ ಕೆಡುತ್ತದೆ ಅಂತ ಮೊದಮೊದಲು ರೈತರು ಕೊಳ್ಳಲೇ ಇಲ್ಲವಂತೆ. ನಿಮ್ಮ ಅಜ್ಜನೂ ಇಂಥದ್ದೇ ಮಾತು ಕೇಳಿರಬಹುದು, ಮನೆಯಲ್ಲಿ ವಿಚಾರಿಸಿ.

ಈಗ ಜನರನ್ನು ಮಾತಾಡಿಸೋದು. "ನಿಮ್ಮ ಅನುಭವ ಹೇಳಿ" ಅಂದರೆ ಯಾರೂ ಬಾಯಿ ಬಿಡಲ್ಲ. ನಮ್ಮ ಹಳೇ ಮೇಸ್ತ್ರಿ ಹತ್ತಿರ ನಾನು ರೆಕಾರ್ಡರ್ ಇಟ್ಟುಕೊಂಡು ಕೂತರೆ "ಎಲ್ಲಾ ಚೆನ್ನಾಗಿತ್ತು ಕಣಪ್ಪ" ಅಂದು ಸುಮ್ನಾದರು. ಮಾರನೇ ದಿನ ಗೋಡೌನಿನಿಂದ ಸವೆದ ಕ್ಲಚ್ ಪ್ಲೇಟ್ ಒಂದನ್ನು ತಂದು ಕೈಗೆ ಕೊಟ್ಟೆ. ಹೆಬ್ಬೆರಳಲ್ಲಿ ಅಂಚು ಸವರಿ, ಮೂಸಿ ನೋಡಿ, "ಇದು ಟ್ರೇಲರಿಗೆ ಲೋಡು ಜಾಸ್ತಿ ಹಾಕಿ ಸುಟ್ಟಿದ್ದು. ನಿಮ್ಮಜ್ಜ ರಾತ್ರಿ ಹನ್ನೊಂದಕ್ಕೆ ನನ್ನನ್ನ ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿದ್ರು" ಅಂತ ಶುರು ಮಾಡಿದವರು ಎರಡು ಗಂಟೆ ನಿಲ್ಲಿಸಲಿಲ್ಲ. ಅಜ್ಜಿಯಂದಿರನ್ನೂ ಕೇಳಿ. ಗಾಡಿ ಡೆಲಿವರಿಗೆ ಒಬ್ಬ ರೈತ ಬಂದರೆ ಜೊತೆಗೆ ಹತ್ತು ಹದಿನೈದು ಜನ, ಚಕ್ರದ ಕೆಳಗೆ ನಿಂಬೆಹಣ್ಣು ಒಡೆಸಿ ಅಷ್ಟೂ ಜನ ನಮ್ಮ ಮನೇಲೇ ಉಣ್ಣುತ್ತಿದ್ದರು. ಯಾವ ವರ್ಷ ವ್ಯಾಪಾರ ಜೋರಿತ್ತು ಅಂದರೆ ನಮ್ಮಜ್ಜಿ ಗೋಧಿ ಹುಗ್ಗಿಗೆ ಎಷ್ಟು ಸೇರು ಹಾಕಿದ್ದೆ ಅನ್ನೋದರ ಮೇಲೇ ಹೇಳುತ್ತಿದ್ದರು. ಕಿರ್ದಿ ಜೊತೆ ತಾಳೆ ಹಾಕಿದೆ, ಜಾಸ್ತಿ ವ್ಯತ್ಯಾಸ ಇರಲಿಲ್ಲ.

ಜಗಳಗಳನ್ನು ಮುಚ್ಚಿಡಬೇಡಿ. ಅಪ್ಪ, ಚಿಕ್ಕಪ್ಪ ಪಾಲಾದದ್ದು, ಒಂದು ಕಂಪನಿ ನಮ್ಮ ಡೀಲರ್‌ಶಿಪ್ ಕಿತ್ತು ಬೇರೆಯವರಿಗೆ ಕೊಟ್ಟದ್ದು ಎರಡೂ ನಮ್ಮ ಪುಸ್ತಕದಲ್ಲಿವೆ. ಪಾಲಿನ ವಿಷಯದಲ್ಲಿ ಇಬ್ಬರ ಮಾತನ್ನೂ ಹಾಕಿದೆ, ತೀರ್ಪು ಕೊಡೋಕೆ ಹೋಗಲಿಲ್ಲ. "ತಾಲ್ಲೂಕಿಗೇ ಮೊದಲ ಟ್ರ್ಯಾಕ್ಟರ್ ನಾವೇ ಮಾರಿದ್ದು" ಅನ್ನೋ ಸಾಲನ್ನು ಮಾತ್ರ ಹೊಡೆದು ಹಾಕಿದೆ. ಬಿಲ್ಲು ಸಿಗಲಿಲ್ಲ, ಮೇಲಾಗಿ ಎದುರು ಅಂಗಡಿಯವರೂ ಅದನ್ನೇ ಹೇಳುತ್ತಾರೆ.

ಅಚ್ಚು ಮಾಡಿಸುವಾಗ ಮೊದಲು ಐವತ್ತೇ ಪ್ರತಿ ಸಾಕು, ಕೊನೆಗೆ ನಾಲ್ಕು ಖಾಲಿ ಹಾಳೆ ಬಿಡಿ. ನಾವು ಆಯುಧ ಪೂಜೆ ದಿನ ಮೊದಲ ಪ್ರತಿ ಮೇಸ್ತ್ರಿಗೇ ಕೊಟ್ಟೆವು. ಅವರು ಕನ್ನಡಕ ಹಾಕಿಕೊಂಡು ಮುಖಪುಟದ ಫೋಟೋ ಬಹಳ ಹೊತ್ತು ನೋಡಿ ಹೇಳಿದರು: "ಈ ಗಾಡಿ ನಮ್ದಲ್ಲ ಕಣಪ್ಪ. ಎದುರು ಅಂಗಡಿಯವರದ್ದು. ಅವತ್ತು ಪೂಜೆಗೆ ಅಲ್ಲಿ ಜಾಗ ಇರ್ಲಿಲ್ಲ ಅಂತ ಇಲ್ಲಿ ತಂದು ನಿಲ್ಸಿದ್ರು."