ಪೆನ್‌ಡ್ರೈವ್ ಇಲ್ದೇ ಐಎಸ್‌ಒ ಫೈಲಿಂದಾನೇ ಲೈವ್ ಉಬುಂಟು ಎಬ್ಬಿಸಿದ್ದು

ನನ್ನ ಹಳೇ ಲ್ಯಾಪ್‌ಟಾಪಲ್ಲಿ ಯುಎಸ್‌ಬಿ ಪೋರ್ಟ್ ಎಲ್ಲಾ ಲೂಸು, ಪೆನ್‌ಡ್ರೈವ್ ಹಾಕಿ ಬೂಟ್ ಮಾಡೋಕೆ ಹೋದ್ರೆ ಅರ್ಧದಲ್ಲೇ ಕೈ ಕೊಡುತ್ತೆ, ಅದಕ್ಕೆ ಹಾರ್ಡ್‌ಡಿಸ್ಕಲ್ಲಿರೋ ಉಬುಂಟು ಐಎಸ್‌ಒ ಫೈಲನ್ನೇ (ಇನ್‌ಸ್ಟಾಲ್ ಮಾಡ್ದೇನೂ ಓಡೋ ಲೈವ್ ಸಿಡಿಯ ನಕಲು, ಒಂದೇ ಫೈಲಲ್ಲಿ) ಗ್ರಬ್‌ನಿಂದ (ಕಂಪ್ಯೂಟರ್ ಆನ್ ಮಾಡಿದಾಗ ಮೆನು ತೋರಿಸಿ ಸಿಸ್ಟಮ್ ಎಬ್ಬಿಸೋ ಪ್ರೋಗ್ರಾಮು) ನೇರ ಬೂಟ್ ಮಾಡೋಣ ಅಂತ ಕೂತೆ. ಗ್ರಬ್‌ನಲ್ಲಿ ಲೂಪ್‌ಬ್ಯಾಕ್ ಅಂತ ಕಮಾಂಡ್ ಇದೆ, ಅದು ಐಎಸ್‌ಒನ ಸಿಡಿ ಥರ ತೆರೆದು ಒಳಗಿನ ಕ್ಯಾಸ್ಪರ್ ಫೋಲ್ಡರಿಂದ ಕರ್ನಲ್ಲು (ಸಿಸ್ಟಮ್ಮಿನ ತಿರುಳು), ಇನಿಟ್‌ಆರ್‌ಡಿ (ಶುರುವಲ್ಲಿ ಕರ್ನಲ್‌ಗೆ ಬೇಕಾದ ಪುಟ್ಟ ಫೈಲ್‌ಸಿಸ್ಟಮ್ಮು) ಎರಡೂ ಎತ್ಕೊಳ್ಳುತ್ತೆ. ಗ್ರಬ್ ಮೆನುಗೆ ನಮ್ಮದೇ ಎಂಟ್ರಿ ಸೇರಿಸೋ 40_ಕಸ್ಟಮ್ ಫೈಲಲ್ಲಿ ಬರೆದು ಅಪ್‌ಡೇಟ್-ಗ್ರಬ್ ಓಡಿಸಿದ್ರೆ ಮೆನುಲಿ ಹೆಸರೂ ಬಂತು.

ಆದ್ರೆ ಸೆಲೆಕ್ಟ್ ಮಾಡಿದ್ರೆ ಲೋಗೋ ಬಂದು ಆಮೇಲೆ ಕಪ್ಪು ಸ್ಕ್ರೀನು, ಬ್ಯುಸಿಬಾಕ್ಸ್ ಪ್ರಾಂಪ್ಟು (ಬೂಟ್ ಅರ್ಧಕ್ಕೆ ನಿಂತಾಗ ಬರೋ ಕಮಾಂಡ್ ಸಾಲು), ಲೈವ್ ಫೈಲ್‌ಸಿಸ್ಟಮ್ ಇರೋ ಮೀಡಿಯಂ ಸಿಗ್ತಿಲ್ಲ ಅಂತ ಎರರ್ರು. ವಿಷಯ ಏನಂದ್ರೆ ಗ್ರಬ್ ಮಾಡಿದ ಲೂಪು ಗ್ರಬ್ ಇರೋ ತನಕ ಅಷ್ಟೇ, ಕರ್ನಲ್ ಎದ್ದ ಮೇಲೆ ಐಎಸ್‌ಒ ಎಲ್ಲಿದೆ ಅನ್ನೋದು ಅದಕ್ಕೆ ಗೊತ್ತೇ ಇರಲ್ಲ, ಮತ್ತೆ ಹೇಳ್ಬೇಕು! ಅದೇ ಎಂಟ್ರಿಲಿ ಲಿನಕ್ಸ್ ಅಂತ ಶುರುವಾಗೋ ಸಾಲಲ್ಲಿ ಬೂಟ್=ಕ್ಯಾಸ್ಪರ್ ಪಕ್ಕ ಐಎಸ್‌ಒ-ಸ್ಕ್ಯಾನ್/ಫೈಲ್‌ನೇಮ್= ಹಾಕಿ ಫೈಲಿನ ಪಾತ್ ಕೊಟ್ಟೆ, ಡೆಸ್ಕ್‌ಟಾಪ್ ಬಂದೇಬಿಡ್ತು. ಪಾತ್ ಐಎಸ್‌ಒ ಇರೋ ಪಾರ್ಟಿಷನ್ (ಡಿಸ್ಕಿನ ಭಾಗ) ಬುಡದಿಂದ ಇರ್ಬೇಕು, ಅಂದ್ರೆ ಹೋಮ್ ಬೇರೆ ಪಾರ್ಟಿಷನ್ ಆಗಿದ್ರೆ ಮುಂದೆ /ಹೋಮ್ ಅಂತ ಸೇರಿಸ್ಬಾರ್ದು, ಬಹಳ ಜನಕ್ಕೆ ಸಿಕ್ಕಾಕ್ಕೊಳ್ಳೋದು ಇಲ್ಲೇ. ಉಬುಂಟು ಬದಲು ಡೆಬಿಯನ್ ಲೈವ್ (ಇನ್ನೊಂದು ಲಿನಕ್ಸ್) ಆದ್ರೆ ಅವೆರಡರ ಜಾಗದಲ್ಲಿ ಬೂಟ್=ಲೈವ್, ಫೈಂಡ್‌ಐಎಸ್‌ಒ= ಹಾಕ್ಬೇಕು.

ಇನ್ನೊಂದು, ಹೀಗೆ ಬೂಟಾದಾಗ ಐಎಸ್‌ಒ ಇರೋ ಪಾರ್ಟಿಷನ್ನು /ಐಎಸ್‌ಒಡಿವೈಸ್ ಅಂತ ಮೌಂಟ್ ಆಗಿರುತ್ತೆ, ಪಾರ್ಟಿಷನ್ ಬದಲಿಸೋ ಜಿಪಾರ್ಟೆಡ್‌ನಲ್ಲಿ ಅದನ್ನ ಮುಟ್ಟೋಕೆ ಬಿಡಲ್ಲ. ಡಿಸ್ಕ್ ಪೂರ್ತಿ ಅಳಿಸಿ ಇನ್‌ಸ್ಟಾಲ್ ಮಾಡೋ ಪ್ಲಾನ್ ಇದ್ರೆ ಪೆನ್‌ಡ್ರೈವೇ ವಾಸಿ.